ಮಂಗನ ಕಾಯಿಲೆ ಹರಡೋದು ಮಂಗನಿಂದಾದರೆ, ಕೊಟ್ಟಿಗೆಯ ದನದ ಮೇಲೂ ಯಾಕೆ ಕಣ್ಣಿಡುತ್ತಾರೆ?

ಹೆಸರು ಮಂಗನದ್ದು, ಕೆಲಸ ಉಣುಗಿನದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ, ಹಳದಿ ಜ್ವರ ಭಾರತಕ್ಕೂ ಬಂತಾ ಅಂತ ಮೊದಲು ಅನುಮಾನಪಟ್ಟರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ ಸಿಕ್ಕಿದ್ದು ಹೊಸದೇ ವೈರಸ್. ಅದರ ಹತ್ತಿರದ ನೆಂಟ ರಷ್ಯಾದಲ್ಲಿ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಸ್!

ದನಕ್ಕೆ ಈ ಕಾಯಿಲೆ ಬರಲ್ಲ. ಆದರೆ ಬಲಿತ ಉಣುಗಿಗೆ ದನದ ರಕ್ತ ಬೇಕು. ಕಾಡಿಗೆ ಮೇಯಲು ಹೋದ ಹಸುವಿನ ಕಿವಿ, ಕೆಚ್ಚಲ ಸಂದಿ ನೋಡಿ, ಹುಣಸೆಬೀಜದ ಹಾಗೆ ಉಬ್ಬಿ ಅಂಟಿಕೊಂಡಿರುತ್ತವೆ. ಹೊಟ್ಟೆ ತುಂಬಿದ ಮೇಲೆ ಉದುರಿ, ತರಗೆಲೆಯ ಅಡಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತವೆ. ಅಂದರೆ ದನ ವೈರಸ್ ಬೆಳೆಸಲ್ಲ, ಉಣುಗಿನ ಸಂಸಾರ ಬೆಳೆಸುತ್ತೆ.

ವೈರಸ್ ಜಾಸ್ತಿಯಾಗೋದು ಮಂಗ, ಇಲಿಯಂಥ ಪ್ರಾಣಿಗಳಲ್ಲಿ. ಮಂಗ ಸತ್ತರೆ ಅದರ ಮೈಮೇಲಿದ್ದ ಉಣುಗು ಸುತ್ತಲೂ ಹರಡುತ್ತೆ. ನಮ್ಮನ್ನು ಕಚ್ಚೋದು ಹೆಚ್ಚಾಗಿ ಮರಿ ಉಣುಗು, ಕಣ್ಣಿಗೆ ಸರಿಯಾಗಿ ಕಾಣೋದೂ ಇಲ್ಲ. ತರಗು ಗುಡಿಸಲು ಹೋಗುವ, ಚಳಿಗಾಲದಿಂದ ಬೇಸಿಗೆವರೆಗಿನ ಒಣ ತಿಂಗಳುಗಳೇ ಅದರ ಕಾಲ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆಸ್ಪತ್ರೆಗೆ ತಿಳಿಸಿ.