ಮಾಟಗಾತಿ ಅಂದ್ರ ಕೆಟ್ಟಾಕೇ ಇರ್ಬೇಕೇನ್ರಿ?

ಪ್ರಶ್ನೆ: ಹಳೇ ಕಾಲದ ವೇಲ್ಸ್ ನಾಡಿನ ಮಾಟಗಾತಿಯರ ಫ್ಯಾಂಟಸಿ ಕಾದಂಬರಿ ಅಂದ್ರ ನನಗ ಜೀವ ರೀ, ಆದ್ರ ನಾ ಓದಿದ್ರಾಗೆಲ್ಲಾ ಆಕಿ ಬರೇ ಕೆಟ್ಟಾಕಿ, ಮೂಲ ಕತಿಯೊಳಗೂ ಹಿಂಗೇ ಅದಾಳೇನ್ರಿ?
– ಓದುಗಳು, ಶಹಾಪುರ, ಯಾದಗಿರಿ ಜಿಲ್ಲಾ

ಉತ್ತರ: ಇಲ್ಲ ತಂಗಿ, ಮೂಲದಾಗ ಆಕಿ ಭಾಳ ಬ್ಯಾರೆ. ಕೆರಿದ್ವೆನ್ ಅನ್ನೂ ಮಾಟಗಾತಿ ಕತಿ ನೋಡು. ಕುರೂಪಿ ಮಗನಿಗಿ ಜ್ಞಾನ ಬರ್ಲಿ ಅಂತ ಒಂದು ವರ್ಷ ಒಂದು ದಿನ ಕೊಪ್ಪರಿಗಿಯೊಳಗ ಗಿಡಮೂಲಿಕಿ ಕುದಸ್ತಾಳ, ಅದನ್ನ ತಿರುವೂ ಹುಡುಗನ ಬೆರಳಿಗಿ ಮೂರು ಹನಿ ಸಿಡಿದು, ಸುಟ್ಟಿತಂತ ಅಂವ ಬೆರಳು ಬಾಯಾಗಿಟ್ಕೊಂಡ ಕೂಡ್ಲೆ ಆ ಜ್ಞಾನ ಎಲ್ಲಾ ಅವನ ಪಾಲು. ಸಿಟ್ಟಿಗೆದ್ದ ಕೆರಿದ್ವೆನ್ ಅವನ ಬೆನ್ನ ಹತ್ತತಾಳ: ಅಂವ ಮೊಲ ಆಗಿ ಓಡಿದ್ರ ಈಕಿ ಬ್ಯಾಟಿನಾಯಿ, ಅಂವ ಮೀನಾದ್ರ ಈಕಿ ನೀರುನಾಯಿ, ಅಂವ ಹಕ್ಕಿ ಆದ್ರ ಈಕಿ ಗಿಡುಗ, ಕಡೀಕ ಅಂವ ಗೋಧಿ ಕಾಳಾಗಿ ರಾಶಿಯೊಳಗ ಅಡಗಿದ್ರ ಈಕಿ ಕರಿ ಕೋಳಿ ಆಗಿ ಕೆದರಿ ಕೆದರಿ ನುಂಗಿಬಿಡ್ತಾಳ. ನಮ್ಮ ಕಡಿ ಕಣದಾಗ ಕೋಳಿ ಜೋಳ ಕೆದರೂದು ನೋಡಿದವರಿಗಿ ಇದು ಕಣ್ಣಿಗಿ ಕಟ್ಟತದ ನೋಡು. ಆಮ್ಯಾಲ ಅಂವ ಆಕಿ ಹೊಟ್ಟಿಲೇ ಹುಟ್ಟಿ ಬರ್ತಾನ, ಅಂವನೇ ಕವಿ ತಾಲಿಯೆಸಿನ್. ಮಗನ ಸಂಕಟಕ್ಕ ಮಾಟ ಮಾಡಿದ ತಾಯಿನ್ನ ಕೆಟ್ಟಾಕಿ ಅನ್ನಲಿಕ್ಕಿ ನನಗಂತೂ ಮನಸ್ಸು ಬರಂಗಿಲ್ಲ.

ಬ್ಲೊಡೈವೆಡ್ ಅಂತ ಇನ್ನೊಬ್ಬಾಕಿ ಅದಾಳ, ಆಕಿನ್ನ ಹೂವಿಲೆ ಮಾಡಿದವರೂ ಗಂಡಸರೇ, ಗೂಗಿ ಮಾಡಿ ಹಾರಿಸಿದಂವನೂ ಗಂಡಸೇ, ಆಕಿನ್ನ ಯಾರೂ ಒಂದು ಮಾತು ಕೇಳಲಿಲ್ಲ. ಈ ಎರಡೂ ಕತಿ ಲೇಡಿ ಶಾರ್ಲಟ್ ಗೆಸ್ಟ್ ಇಂಗ್ಲಿಷಿಗಿ ತಂದು 1849ರಾಗ ಮೂರು ಸಂಪುಟ ಮಾಡಿದ 'ಮ್ಯಾಬಿನೋಗಿಯನ್'ದಾಗ ಅವ, ಮೊದಲ ಅದನ್ನ ಓದವ್ವ.