6 ಇಂಚಿನ ಪ್ಲೇಟ್‌ಗೆ 6 ಇಂಚಿನ ಪ್ಯಾಡ್ ಬೇಡ

ನಿಮ್ಮ ಡಿಎ ಪಾಲಿಷರ್ (ಕಾರಿನ ಪೇಂಟ್ ಉಜ್ಜಿ ಹೊಳಪು ಕೊಡುವ ಡ್ಯುಯಲ್ ಆಕ್ಷನ್ ಮೆಷಿನ್) ಜೊತೆ 6 ಇಂಚಿನ ಬ್ಯಾಕಿಂಗ್ ಪ್ಲೇಟ್ (ಪ್ಯಾಡ್ ಅಂಟಿಸುವ ಗಟ್ಟಿ ತಟ್ಟೆ) ಬಂದಿದೆ, ಸ್ವಿಫ್ಟ್‌ಗೆ 6 ಇಂಚಿನ ಪ್ಯಾಡೇ ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ಪ್ಯಾಡ್ ಯಾವಾಗಲೂ ಪ್ಲೇಟಿಗಿಂತ ದೊಡ್ಡದಿರಬೇಕು, ಸುತ್ತಲೂ ಕಾಲು ಇಂಚಾದರೂ ಹೊರಗೆ ಚಾಚಿರಬೇಕು. ಇಲ್ಲದಿದ್ದರೆ ಕೈ ಸ್ವಲ್ಪ ವಾಲಿದರೂ ಪ್ಲೇಟಿನ ಗಟ್ಟಿ ಅಂಚು ಪೇಂಟಿಗೆ ತಾಗುತ್ತದೆ. ಆಮೇಲೆ ಆ ಗುರುತು ತೆಗೆಯುವುದೇ ಇನ್ನೊಂದು ಕೆಲಸ.

ಹಾಗಂತ 6.5 ಇಂಚಿನ ಪ್ಯಾಡ್ ತರಬೇಡಿ. ಸ್ವಿಫ್ಟ್‌ನಂಥ ಸಣ್ಣ ಕಾರಿನಲ್ಲಿ ಸಪಾಟು ಜಾಗ ಅಂದರೆ ಬಾನೆಟ್ ಮತ್ತು ರೂಫ್, ಅಷ್ಟೇ ಅಲ್ವಾ? ಉಳಿದ ಕಡೆ ಬಾಗು ಜಾಸ್ತಿ. ಡಿಎ ಮೆಷಿನ್‌ನಲ್ಲಿ ಒಂದೇ ಅಂಚಿಗೆ ಒತ್ತಡ ಬಿದ್ದರೆ ಪ್ಯಾಡ್ ತಿರುಗುವುದು ನಿಲ್ಲಿಸಿ ಸುಮ್ನೆ ಅದುರುತ್ತದೆ. ಗೀರು ಹೋಗುವುದಿಲ್ಲ. ದೊಡ್ಡ ಪ್ಯಾಡ್, ದಪ್ಪ ಪ್ಯಾಡ್ ಆದರೆ ಈ ತೊಂದರೆ ಇನ್ನೂ ಹೆಚ್ಚು. ಪ್ಲೇಟಿನ ಬದಿಗೆ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ, ತಿರುಗುತ್ತಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ನನ್ನ ಆಯ್ಕೆ 5 ಇಂಚಿನ ಪ್ಲೇಟ್, 5.5 ಇಂಚಿನ ತೆಳು ಫೋಮ್ ಪ್ಯಾಡ್. ಇಡೀ ಕಾರಿಗೆ ಇದೇ ಸಾಕು.

ಪ್ಲೇಟ್ ಕೊಳ್ಳುವ ಮುಂಚೆ ಥ್ರೆಡ್ ನೋಡಿ, ಅಂದರೆ ಅದನ್ನು ಮೆಷಿನ್‌ಗೆ ಕೂರಿಸುವ ಸ್ಕ್ರೂ ಅಳತೆ. ಬಹಳಷ್ಟು ಡಿಎಗಳಲ್ಲಿ 5/16 ಇಂಚಿನದು, ಕೆಲವದರಲ್ಲಿ ಎಂ8 (8 ಮಿ.ಮೀ.). ಸುಮ್ನೆ ಗಿರ್ರನೆ ಸುತ್ತುವ ರೋಟರಿ ಪಾಲಿಷರ್‌ನ ಎಂ14 (14 ಮಿ.ಮೀ.) ಪ್ಲೇಟ್ ಇದಕ್ಕೆ ಕೂರುವುದಿಲ್ಲ.

ಬಂಪರ್, ಪಿಲ್ಲರ್‌ಗೆ 3 ಇಂಚಿನ ಪ್ಲೇಟ್, 3.5 ಅಥವಾ 4 ಇಂಚಿನ ಪ್ಯಾಡ್ ಚೆನ್ನ. ಆದರೆ ಮೆಷಿನ್‌ನ ಒಳಗಿನ ಕೌಂಟರ್‌ವೇಟ್ (ಅದುರುವುದನ್ನು ತಗ್ಗಿಸುವ ತೂಕ) ದೊಡ್ಡ ಪ್ಲೇಟಿನ ತೂಕಕ್ಕೆ ಹೊಂದಿಸಿದ್ದಾಗಿರುತ್ತದೆ. ಚಿಕ್ಕದು ಹಾಕಿದಾಗ ಕೈ ಜುಮ್ಮೆನ್ನುವಷ್ಟು ಅದುರಿದರೆ ಸ್ಪೀಡ್ ಇಳಿಸಿ. ಆಗಲೂ ನಿಲ್ಲದಿದ್ದರೆ ಆ ಜಾಗಗಳನ್ನು ಕೈಯಲ್ಲೇ ಉಜ್ಜಿ.