‘ಹೇಳು, ಮಾಡ್ತೀನಿ’ ಅನ್ನುತ್ತಿದ್ದ ಗಂಡ ನಾನೇ

ಮಗುವಿಗೆ ಎಂಟು ತಿಂಗಳು, ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ, ಆದರೂ ಮಗುವಿನದೆಲ್ಲ ನಿಮ್ಮ ತಲೆ ಮೇಲೇ. ಕೇಳಿದರೆ ನಿಮ್ಮವರು ‘ಏನ್ ಮಾಡ್ಬೇಕು ಹೇಳು, ಮಾಡ್ತೀನಿ’ ಅಂತಾರೆ, ಹೇಳಿ ಹೇಳಿ ಸಾಕಾಗಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಆ ಕಡೆಯವನು. ನಾಲ್ಕು ವರ್ಷದ ಹಿಂದೆ ನಮ್ಮನೆಯಲ್ಲಿ ಆ ಮಾತು ನನ್ನದಾಗಿತ್ತು.

ಅದರಲ್ಲಿ ತಪ್ಪೇನು ಅಂತ ನನಗೆ ನಿಜಕ್ಕೂ ಹೊಳೆದಿರಲಿಲ್ಲ. ಹೇಳಿದ್ದನ್ನು ಮಾಡುತ್ತಿದ್ದೆನಲ್ಲ! ಎತ್ತಿಕೋ ಅಂದರೆ ಎತ್ತಿಕೊಳ್ಳುತ್ತಿದ್ದೆ, ಬಾಟಲಿ ತೊಳಿ ಅಂದರೆ ತೊಳೆಯುತ್ತಿದ್ದೆ. ಮಗು ನಗುವಾಗ ಆಡಿಸಲು ನಾನು, ಮೂಗು ಸೋರುವಾಗ ಅವಳು. ಹೀಗೊಂದು ಪಾಲು ಆಗಿಹೋಗಿದ್ದು ಕಣ್ಣಿಗೇ ಬೀಳಲಿಲ್ಲ.

ಮಗಳಿಗೆ ಒಂಬತ್ತು ತಿಂಗಳಿದ್ದಾಗ ಹೆಂಡತಿ ಕೆಲಸದ ಮೇಲೆ ಎರಡು ದಿನ ಊರಾಚೆ ಹೋದಳು. ಮೊದಲ ರಾತ್ರಿಯೇ ಮಗುವಿನ ಮೈ ಕೆಂಡ. ಡಾಕ್ಟರಿಗೆ ಫೋನ್ ಮಾಡಿದೆ. ‘ತೂಕ ಎಷ್ಟು?’ ಅಂದರು. ಪ್ಯಾರಾಸಿಟಮಾಲ್ ಸಿರಪ್ಪನ್ನು ತೂಕದ ಲೆಕ್ಕದಲ್ಲಿ ಕೊಡಬೇಕು ಅನ್ನುವುದೇ ನನಗೆ ಗೊತ್ತಿರಲಿಲ್ಲ. ‘ಬಾಟಲಿ ಮೇಲೆ 5 ಎಂ.ಎಲ್.ಗೆ ಎಷ್ಟು ಮಿಲಿಗ್ರಾಂ ಅಂತಿದೆ ಓದಿ, 120 ಇರುತ್ತೆ, 250 ಕೂಡ ಇರುತ್ತೆ’ ಅಂದರು. ಓದುವುದೇನು, ಬಾಟಲಿ ಎಲ್ಲಿದೆ ಅಂತಲೇ ಗೊತ್ತಿಲ್ಲ. ಹೆಂಡತಿಗೆ ಫೋನ್ ಹಚ್ಚಿದೆ. ನಿದ್ದೆಗಣ್ಣಲ್ಲೇ ಹೇಳಿದಳು: ‘ಎಂಟು ಕೆಜಿ ಇನ್ನೂರು, ಹೋದ ವಾರ ಲಸಿಕೆಗೆ ಹೋದಾಗ ನೋಡಿದ್ದು. ಬಾಟಲಿ ಬೀರುವಿನ ಮೇಲಿನ ಖಾನೇಲಿ, ಟವೆಲ್ ಹಿಂದೆ.’ ಅದೇ ಮನೆಯಲ್ಲಿ ಒಂಬತ್ತು ತಿಂಗಳು ನಾನೂ ಇದ್ದೆ.

ವಾಪಸು ಬಂದವಳು ಜಗಳ ಆಡಲಿಲ್ಲ. ಒಂದು ಭಾನುವಾರ, ಮಗು ಮಲಗಿದ್ದಾಗ, ‘ಸ್ನಾನ, ರಾತ್ರಿ ಮಲಗಿಸೋದು, ಡೈಪರು, ಇನ್ನು ಮೂರೂ ನಿಂದು. ನಾನು ನೆನಪಿಸಲ್ಲ’ ಅಂದಳು. ನೀವೂ ಹೀಗೇ ಮಾಡಿ. ಸಹಾಯ ಕೇಳಬೇಡಿ, ಕೆಲಸವನ್ನು ಇಡಿಯಾಗಿ ದಾಟಿಸಿಬಿಡಿ. ಡೈಪರ್ ಬದಲಿಸುವುದು ಕೆಲಸದಲ್ಲಿ ಅರ್ಧ ಮಾತ್ರ. ಇನ್ನೆಷ್ಟು ಉಳಿದಿವೆ, ತೊಡೆಯ ಹತ್ತಿರ ಕೆಂಪು ಗೆರೆ ಬಿತ್ತೆಂದರೆ ಸೈಜು ದೊಡ್ಡದಾಗಬೇಕೇ, ತರುವುದು ಯಾವಾಗ, ಇದೆಲ್ಲ ಸೇರಿದರೇ ಕೆಲಸ. ಒಮ್ಮೆ ರಾತ್ರಿ ಹನ್ನೊಂದಕ್ಕೆ ನೋಡಿದರೆ ಪ್ಯಾಕೆಟ್ ಖಾಲಿ. ಅವಳಿಗೆ ಸಂಜೆಯೇ ಗೊತ್ತಿತ್ತಂತೆ, ಬೇಕಂತಲೇ ಬಾಯಿ ಬಿಟ್ಟಿರಲಿಲ್ಲ. ಹಳೇ ಪಂಚೆ ಹರಿದು ಕಟ್ಟಿದೆ. ಆಮೇಲೆ ಪ್ಯಾಕೆಟ್ ಎಂದೂ ಖಾಲಿಯಾಗಿಲ್ಲ.

ನಿಮಗೆ ಕಷ್ಟವಾಗುವುದು ಸುಮ್ಮನಿರುವುದು. ಮೊದಲ ಸ್ನಾನದ ದಿನ ನನ್ನ ಹೆಂಡತಿ ಬಾಗಿಲಲ್ಲೇ ನಿಂತು, ‘ತಲೆಗೆ ಕೊನೇಲಿ ಹಾಕು, ಹಂಗಲ್ಲ, ಕಿವಿ ಮುಚ್ಕೋ’ ಅನ್ನುತ್ತಲೇ ಇದ್ದಳು. ನಾನು ಮಗ್ಗು ಕೆಳಗಿಟ್ಟು ‘ಹಂಗಾದ್ರೆ ನೀನೇ ಮಾಡು’ ಅಂದೆ. ಗಂಡಸರ ಹಳೇ ಅಸ್ತ್ರ ಅದು, ನಾಚಿಕೆಯಿಲ್ಲದೆ ಬಳಸಿದೆ. ಮಾರನೇ ದಿನ ಅವಳು ಚಪ್ಪಲಿ ಮೆಟ್ಟಿಕೊಂಡು ಅರ್ಧ ಗಂಟೆ ಹೊರಗೆ ಹೋದಳು. ಮಗು ಕಿರುಚಿತು, ನಾನು ಬೆವತೆ, ಅಂಗಿ ಹಿಂದುಮುಂದಾಗಿ ಹಾಕಿದೆ. ಬಂದು ನೋಡಿ ತುಟಿ ಕಚ್ಚಿಕೊಂಡಳೇ ಹೊರತು ಏನೂ ಅನ್ನಲಿಲ್ಲ. ಹದಿನೈದು ದಿನಕ್ಕೆಲ್ಲ ನಲ್ಲಿ ಸದ್ದು ಕೇಳಿದರೆ ಮಗಳು ನನ್ನ ಕಡೆ ಕೈ ಚಾಚುತ್ತಿದ್ದಳು. (ನೀರಿನಲ್ಲಿ ಮಗುವನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬಾರದು ಅನ್ನುವಂಥದ್ದನ್ನು ಮಾತ್ರ ಮೊದಲೇ ಹೇಳಿಡಿ. ಅಂಗಿ ಹೇಗಿದ್ದರೂ ನಡೆಯುತ್ತದೆ.)

ಇದು ನಮ್ಮನೆ ಕಥೆ ಮಾತ್ರ ಅಲ್ಲ. ಸ್ವೀಡನ್‌ನಲ್ಲಿ 1974ರಲ್ಲೇ ಮಗುವಿನ ಆರೈಕೆ ರಜೆಯನ್ನು ಅಪ್ಪ, ಅಮ್ಮ ಇಬ್ಬರೂ ಹಂಚಿಕೊಳ್ಳಬಹುದು ಅಂತಾಯಿತು. ‘ಬಹುದು’ ತಾನೇ? ಹೆಚ್ಚಿನ ಅಪ್ಪಂದಿರು ತಮ್ಮ ಪಾಲನ್ನೂ ಅಮ್ಮಂದಿರಿಗೆ ಬಿಟ್ಟುಕೊಟ್ಟು ಕೆಲಸಕ್ಕೆ ಹೋದರು. 1995ರಲ್ಲಿ ಒಬ್ಬೊಬ್ಬರಿಗೂ ಒಂದು ತಿಂಗಳು ಮೀಸಲಿಟ್ಟು, ಬಳಸದಿದ್ದರೆ ಅದು ಹೋದಂತೆಯೇ ಅಂದರು. ಆಮೇಲೆ ನೋಡಿ, ಅಪ್ಪಂದಿರೂ ರಜೆ ಹಾಕತೊಡಗಿದರು. ಈಗ ಆ ಮೀಸಲು 90 ದಿನ.

ಹಾಲೂಡಿಸುತ್ತಿದ್ದರೆ ಅದನ್ನಂತೂ ದಾಟಿಸಲಾಗದು. ಆದರೆ ರಾತ್ರಿ ಮಗುವನ್ನು ತಂದುಕೊಡುವುದು, ತೇಗು ಬರಿಸುವುದು, ಮತ್ತೆ ಮಲಗಿಸುವುದು ಅವರದಾಗಬಹುದು. ಈ ಮಾತನ್ನು ರಾತ್ರಿ ಎರಡು ಗಂಟೆಗೆ ಮಾತ್ರ ಎತ್ತಬೇಡಿ, ಆ ಹೊತ್ತಿಗೆ ಇಬ್ಬರ ತಲೆಯೂ ನೆಟ್ಟಗಿರುವುದಿಲ್ಲ.

ಒಂದು ವಿಷಯ. ನಿಮ್ಮವರು ‘ಹೇಳು’ ಅನ್ನುತ್ತಾರಲ್ಲ, ಅದಕ್ಕೇ ಇಷ್ಟು ಬರೆದೆ. ‘ಅದೆಲ್ಲ ಹೆಂಗಸರ ಕೆಲಸ’ ಅನ್ನುವವರಾಗಿದ್ದರೆ, ಕೇಳಿದ್ದಕ್ಕೆ ರೇಗುವವರಾಗಿದ್ದರೆ, ನನ್ನ ಅನುಭವ ಉಪಯೋಗಕ್ಕೆ ಬಾರದು. ಆಗ ಅವರು ಯಾರ ಮಾತಿಗೆ ಬೆಲೆ ಕೊಡುತ್ತಾರೋ ಅಂಥ ಒಬ್ಬರನ್ನೋ, ಆಪ್ತಸಮಾಲೋಚಕರನ್ನೋ ಕೂರಿಸಿಕೊಂಡು ಮಾತಾಡಿ.